ಹೊಸಬರಿಗೆ ಮೊದಲ ವಾರವೇ ಪ್ರೊಫೈಲರ್: ನನ್ನ ಅನುಭವ

“ಫ್ರೆಶರ್‌ಗಳಿಗೆ ಪ್ರೊಫೈಲರ್ ಯಾಕ್ರೀ, ಮೊದಲು ಲೂಪ್ ನೆಟ್ಟಗೆ ಬರೀಲಿ” ಅಂತ ನಕ್ಕವರೇ ಈಗ ಪ್ರತಿ ಬ್ಯಾಚಿಗೂ ನನ್ನ ಅಭ್ಯಾಸದ ಫೋಲ್ಡರ್ ಕೇಳಿಕೊಂಡು ಬರ್ತಾರೆ. ಹಾಗಾಗಿ ಬರೆದಿಡ್ತಿದ್ದೇನೆ. ಪ್ರೊಫೈಲರ್ ಅಂದರೆ ಪ್ರೋಗ್ರಾಮಿನ ಯಾವ ಭಾಗ ಎಷ್ಟು ಸಮಯ ತಿನ್ನುತ್ತೆ ಅಂತ ತೋರಿಸುವ ಟೂಲ್.

ಹೊಸಬರಿಗೆ ಕೊಡುವ ಕೆಲಸ ಒಂದೇ: ಎರಡು ಜಿಬಿ ಆಸುಪಾಸಿನ ಲಾಗ್ ಫೈಲಿನಿಂದ ದಿನವಾರು ಲೆಕ್ಕ ತೆಗೆಯೋದು. ಪೈಥಾನ್, ಗೋ, ರಸ್ಟ್ ಅನ್ನೋ ಮೂರು ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಬರೆದು, ನಿಧಾನದ ಜಾಗ ಹುಡುಕಬೇಕು. ಇಂಟರ್‌ನೆಟ್ ಬಂದ್, ಮೆಷಿನ್‌ನಲ್ಲಿ ಮೊದಲೇ ಇಳಿಸಿಟ್ಟ ಡಾಕ್ಸ್ (ಭಾಷೆಯ ಕೈಪಿಡಿ) ಮಾತ್ರ. ಇದಕ್ಕೂ ಮುಂಚೆ ವೀಡಿಯೊ ಕೋರ್ಸಿಗೆ ತಲೆಗೆ ನಾಲ್ಕೈದು ಸಾವಿರ ಸುರಿದಿದ್ದೆವು. ಅರ್ಧ ಜನ ಎರಡನೇ ಪಾಠವೂ ದಾಟಲಿಲ್ಲ.

ಡಾಕ್ಸ್‌ನಲ್ಲಿ ರಸ್ಟ್‌ಗೇ ನನ್ನ ಮೊದಲ ಸ್ಥಾನ. ‘ರಸ್ಟಪ್ ಡಾಕ್’ ಅಂತ ಕಮಾಂಡ್ ಹೊಡೆದರೆ ಪುಸ್ತಕ ಸಮೇತ ಆಫ್‌ಲೈನ್ ತೆರೆದುಕೊಳ್ಳುತ್ತೆ. ಅದರ ಉದಾಹರಣೆಗಳು ಟೆಸ್ಟ್ ಆಗಿಯೂ ಓಡೋದರಿಂದ ಹಳಸೋದು ಕಡಿಮೆ. ಪ್ರೊಫೈಲ್ ಮಾಡಲು ಕೂತರೆ ಮಾತ್ರ ಇಡೀ ಮಧ್ಯಾಹ್ನ ಗೋವಿಂದ. ಉಬುಂಟುವಿನಲ್ಲಿ ಲಿನಕ್ಸ್‌ನ ಪ್ರೊಫೈಲರ್ ಆದ ಪರ್ಫ್‌ಗೆ ಪರ್ಮಿಷನ್ ಇಲ್ಲ. ಅದನ್ನು ಸಡಿಲಿಸಿ ಫ್ಲೇಮ್ ಗ್ರಾಫ್ (ಹೆಚ್ಚು ಸಮಯ ತಿನ್ನುವ ಫಂಕ್ಷನ್ ಅಗಲವಾಗಿ ಕಾಣುವ ಚಿತ್ರ) ಬಂದರೆ, ಇನ್‌ಲೈನ್ ಆದ, ಅಂದರೆ ಕಂಪೈಲರ್ ಬೇರೆ ಫಂಕ್ಷನ್ ಒಳಗೇ ಸೇರಿಸಿಬಿಟ್ಟ ಫಂಕ್ಷನ್‌ಗಳೇ ಮಾಯ. ರಿಲೀಸ್ ಪ್ರೊಫೈಲಿನಲ್ಲಿ (ಅಂತಿಮ ಬಿಲ್ಡ್‌ನ ಸೆಟ್ಟಿಂಗ್) ಡೀಬಗ್ ಮಾಹಿತಿ ಆನ್ ಮಾಡಿದ ಮೇಲೆ ಕಾಣಿಸಿದವು. ಹೊಸಬರು ಅಷ್ಟರಲ್ಲಿ ಚಹಾಕ್ಕೆ ಹೋಗಿದ್ದರು.

ಪೈಥಾನ್ ಜೊತೆ ಸಿಪ್ರೊಫೈಲ್ ಅನ್ನೋ ಪ್ರೊಫೈಲರ್ ಬರುತ್ತೆ, ಸರಿ. ಆದರೆ ಅದು ಪ್ರತಿ ಕಾಲ್‌ಗೂ ಲೆಕ್ಕ ಇಡೋದರಿಂದ ಪದೇ ಪದೇ ಕರೆಯುವ ಸಣ್ಣ ಫಂಕ್ಷನ್‌ಗಳು ಇರೋದಕ್ಕಿಂತ ದುಬಾರಿಯಾಗಿ ಕಾಣ್ತವೆ. ಒಂದು ಬ್ಯಾಚ್ ಪೂರ್ತಿ ಅವುಗಳ ಹಿಂದೆಯೇ ಬಿದ್ದಿತ್ತು.

ಗೆದ್ದದ್ದು ಗೋ. ಡಾಕ್ಸ್ ಒಣಒಣ, ನಿಜ. ಆದರೆ ಪಿಪ್ರಾಫ್ ಅನ್ನೋ ಪ್ರೊಫೈಲರ್ ಜೊತೆಯಲ್ಲೇ ಇದೆ. ಬೆಂಚ್‌ಮಾರ್ಕ್‌ಗೆ (ವೇಗ ಅಳೆಯುವ ಟೆಸ್ಟ್) ಒಂದು ಫ್ಲ್ಯಾಗ್ ಸೇರಿಸಿದರೆ ಸೆಕೆಂಡಿಗೆ 100 ಸ್ಯಾಂಪಲ್ ತೆಗೆದು ಫೈಲಿಗೆ ಬರೆಯುತ್ತೆ, ಅದನ್ನು ಪಿಪ್ರಾಫ್ ಬ್ರೌಸರಿನಲ್ಲಿ ತೋರಿಸುತ್ತೆ. ಗ್ರಾಫ್ ಬಿಡಿಸುವ ಗ್ರಾಫ್‌ವಿಜ್ ಇಲ್ಲ ಅಂತ ಗೊಣಗಿದರೆ ನೇರ ಫ್ಲೇಮ್ ಗ್ರಾಫ್ ಪುಟಕ್ಕೆ ಹೋಗಿ, ಅದಕ್ಕೆ ಅದು ಬೇಕಿಲ್ಲ. ಕಳೆದ ಬ್ಯಾಚಿನಲ್ಲಿ ಬಹುತೇಕ ಎಲ್ಲರೂ ಮೊದಲ ವಾರದಲ್ಲೇ ಅದನ್ನು ಓದಿ, ನಿಧಾನದ ಜಾಗ ತಾವೇ ತೋರಿಸಿದರು.

ನಡುವೆ ಒಂದು ಅಡ್ಡ ಪ್ರಯೋಗ. ರಾತ್ರಿ ಓಡುವ ಹಳೇ ಪೈಥಾನ್ ರಿಪೋರ್ಟನ್ನು ನಿಲ್ಲಿಸದೆ, ಸುಡೋ (ಅಡ್ಮಿನ್ ಅಧಿಕಾರ) ಹಾಕಿ, ಓಡುತ್ತಿರುವ ಪೈಥಾನ್‌ನೊಳಗೆ ಇಣುಕುವ ಪ್ರೊಫೈಲರ್ ಪೈ-ಸ್ಪೈ ಅಂಟಿಸಿದೆವು. ಬಹುಪಾಲು ಸಮಯ ತಿನ್ನುತ್ತಿದ್ದದ್ದು ತಾರೀಖು ಓದುವ ಸ್ಟ್ರಿಪ್‌ಟೈಮ್! ತಾರೀಖು ಐಎಸ್‌ಒ ಮಾದರಿಯದ್ದೇ (ವರ್ಷ-ತಿಂಗಳು-ದಿನ) ಆಗಿದ್ದರಿಂದ, ಅದನ್ನೇ ಬೇಗ ಓದುವ ಫ್ರಮ್‌ಐಸೊಫಾರ್ಮ್ಯಾಟ್ ಹಾಕಿದಳು ಒಬ್ಬ ಹುಡುಗಿ, ಸೇರಿ ತಿಂಗಳೂ ಆಗಿರಲಿಲ್ಲ. ಕ್ಲೌಡ್ ಮೆಷಿನ್ ಒಂದು ಸೈಜ್ ಇಳಿಯಿತು, ತಿಂಗಳಿಗೆ ಆರೇಳು ಸಾವಿರ ಉಳಿತಾಯ. ಮ್ಯಾನೇಜರ್ ಸುಮ್ಮನಾದದ್ದು ಆ ಬಿಲ್ ನೋಡಿದ ಮೇಲೆಯೇ.

ಲಾಗ್ ಫೈಲಿನಲ್ಲಿ ಬೇಕಂತಲೇ ತೋಡಿಟ್ಟ ಗುಂಡಿ ಯಾವುದು ಅಂತ ಮಾತ್ರ ಕೇಳಬೇಡಿ. ಮುಂದಿನ ಬ್ಯಾಚಿನವರೂ ಇದನ್ನು ಓದ್ತಾರೆ.