ಮುಳ್ಳಿಲ್ಲದ ವಾಚಿನ ಮುಂದೆ ಎರಡು ದಿನ

ಮೊದಲ ಸಲ ನಾನು ಕೈ ಸುಟ್ಟುಕೊಂಡದ್ದು ಅವಸರಕ್ಕೆ. ಅದೊಂದು ಹಳೆಯ ಜಂಪಿಂಗ್ ಅವರ್ ವಾಚ್. ಡಯಲ್‌ನ ಪುಟ್ಟ ಕಿಟಕಿಯಲ್ಲಿ ಗಂಟೆಯ ಅಂಕಿ. 60 ನಿಮಿಷ ತುಂಬಿದ ಕೂಡಲೇ ಟಕ್ ಅಂತ ಮುಂದಿನ ಅಂಕಿ ಬರಬೇಕು. ಅಂಗಡಿಯಲ್ಲೇ ಕೀ ತಿರುಗಿಸಿ ಹನ್ನೆರಡೂ ಅಂಕಿ ನೋಡಿದೆ. ಎಲ್ಲ ಸರಿಯಾಗೇ ಬಂದವು. ಮರುದಿನ ಬೆಳಿಗ್ಗೆ ನೋಡಿದರೆ 8 ಮತ್ತು 9ರ ನಡುವೆ ಸಿಕ್ಕಿಕೊಂಡು ವಾಚೇ ನಿಂತಿತ್ತು.

ರಿಪೇರಿಯವರು ಹೇಳಿದ್ದು ಇಷ್ಟೇ: ಕೀ ತಿರುಗಿಸುವಾಗ ಅಂಕಿಯನ್ನು ತಳ್ಳುವುದು ನಿಮ್ಮ ಬೆರಳು. ತಾನಾಗಿ ಓಡುವಾಗ ಆ ಕೆಲಸ ಸ್ಪ್ರಿಂಗ್ ಮಾಡಬೇಕು. ಒಳಗೆ ಎಣ್ಣೆ ಒಣಗಿದ್ದರೆ ಅದಕ್ಕೆ ಆ ಬಲ ಸಾಲದು.

ಆಮೇಲೆ ಜಿನೀವಾದಲ್ಲಿ ಕೆಲಸದಲ್ಲಿದ್ದಾಗ ವರ್ಷಗಟ್ಟಲೆ ಆಸೆಪಟ್ಟಿದ್ದ ವಾಚ್ ಎದುರಿಗೆ ಬಂತು. ಆಡೆಮಾರ್ ಪಿಗೆ ಕಂಪನಿ 1991ರಲ್ಲಿ ತಂದ ಸ್ಟಾರ್ ವೀಲ್. ಅದರಲ್ಲಿ ಗಂಟೆಯೇ ನಡೆಯುತ್ತದೆ! ಮೂರು ಸಫೈರ್ ಗಾಜಿನ ಬಿಲ್ಲೆಗಳು, ಒಂದೊಂದರಲ್ಲಿ ನಾಲ್ಕು ಅಂಕಿ. ಒಂದರಲ್ಲಿ 1, 4, 7, 10 ಇದ್ದರೆ ಮುಂದಿನದರಲ್ಲಿ 2, 5, 8, 11. ಮೇಲಿನ ಕಮಾನಿನಲ್ಲಿ 0ಯಿಂದ 60ರವರೆಗೆ ನಿಮಿಷಗಳು. ಆಯಾ ಗಂಟೆಯ ಅಂಕಿ ಬಿಲ್ಲೆಯ ಜೊತೆ ಈ ಕಮಾನಿನುದ್ದಕ್ಕೂ ಸಾಗುತ್ತದೆ. 5ರ ಅಂಕಿ 20ರ ಎದುರಿಗಿದ್ದರೆ ಐದೂ ಇಪ್ಪತ್ತು. 17ನೇ ಶತಮಾನದಲ್ಲಿ ಕ್ಯಾಂಪಾನಿ ಸೋದರರು ಪೋಪ್ 7ನೇ ಅಲೆಕ್ಸಾಂಡರ್ ಅವರಿಗಾಗಿ ಮಾಡಿದ ರಾತ್ರಿ ಗಡಿಯಾರದ ಉಪಾಯ ಇದು. ಅದರೊಳಗೆ ದೀಪ ಇಟ್ಟರೆ ಕತ್ತಲಲ್ಲೂ ಗಂಟೆ ಕಾಣುತ್ತಿತ್ತು. ಎಂಥ ಚೆಂದದ ಯೋಚನೆ ಅಲ್ವಾ?

ಈ ಸಲ ಕೀ ಮುಟ್ಟುವ ಮೊದಲೇ ಅಂಗಡಿಯವರನ್ನು ಕೇಳಿಕೊಂಡೆ, ಹನ್ನೆರಡೂ ಗಂಟೆ ಇದು ತಾನಾಗಿ ಓಡುವುದನ್ನು ನೋಡಬೇಕು ಅಂತ. ಒಪ್ಪಿದರು. ಬೆಳಿಗ್ಗೆ 10ಕ್ಕೆ ಕೂತೆ. ನಾನು ನೋಡಿದ್ದು ಎರಡೇ ವಿಷಯ. ಒಂದು ಅಂಕಿ 60 ಮುಟ್ಟುವಾಗ ಮುಂದಿನದು 0ಗೆ ಬಂದಿದೆಯಾ? ಬಂದದ್ದು ನೆಟ್ಟಗಿದೆಯಾ? ಕಮಾನಿನಿಂದ ಹೊರಗಿರುವಾಗಲೇ ಬಿಲ್ಲೆ ಕಾಲು ಸುತ್ತು ತಿರುಗಿ ಮುಂದಿನ ಅಂಕಿಗೆ ಸಿದ್ಧವಾಗಬೇಕು. ಒಂಚೂರು ಕಮ್ಮಿ ತಿರುಗಿದರೂ ಅಂಕಿ ವಾಲುತ್ತದೆ. ನಡುವೆ ಭೂತಗನ್ನಡಿ ಹಿಡಿದು ಬಿಲ್ಲೆಗಳ ಅಂಚು ಒಡೆದಿದೆಯಾ ಅಂತಲೂ ನೋಡಿದೆ.

ಸಂಜೆ 6ರೊಳಗೆ ಎಂಟು ಅಂಕಿ ಮುಗಿದವು. ಮರುದಿನ 6ಕ್ಕೆ ಹೊಂದಿಸಿ ಮತ್ತೆ ಕೂತೆ. ಕೊನೆಯ 9 ಕಮಾನು ದಾಟಿ, 10 ನೆಟ್ಟಗೆ 0ಗೆ ಬಂದ ಮೇಲೆಯೇ ದುಡ್ಡು ಕೊಟ್ಟೆ.

ಊರಿಗೆ ತಂದಾಗ ಅಮ್ಮ ಕೈಯಲ್ಲಿ ಹಿಡಿದು, "ಮುಳ್ಳೇ ಇಲ್ವಲ್ಲೋ" ಅಂದರು. ಓದುವುದು ಹೇಗೆ ಅಂತ ತೋರಿಸಿದೆ. ಈಗ ಗಂಟೆ ಕೇಳಿದರೆ ಗೋಡೆ ಗಡಿಯಾರ ನೋಡುವುದಿಲ್ಲ, ನನ್ನ ಕೈ ಎಳೆದುಕೊಳ್ಳುತ್ತಾರೆ.