ಗಮ್ ಪ್ರಿಂಟ್: ಕಲೆಗೆ ಮುನ್ನ ಕಲೆಯ ಪರೀಕ್ಷೆ

ಅಂಟು (ಗಮ್), ಜಲವರ್ಣ ಮತ್ತು ಬೆಳಕಿಗೆ ಸ್ಪಂದಿಸುವ ಡೈಕ್ರೋಮೇಟ್ ಎಂಬ ರಾಸಾಯನಿಕವನ್ನು ಕಲಸಿ ಹಚ್ಚಿ ಕಾಗದದ ಮೇಲೆ ಫೋಟೊ ಮೂಡಿಸುವುದೇ ಗಮ್ ಡೈಕ್ರೋಮೇಟ್ ಪ್ರಿಂಟ್. ಇದರಲ್ಲಿ ಬಿಳಿ ಎಂದರೆ ಬರೀ ಕಾಗದ. ಬೆಳಕು ಬಿದ್ದಲ್ಲಿ ಗಮ್ ಗಟ್ಟಿಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಬೀಳದ ಕಡೆ ಗಮ್ಮೂ ಬಣ್ಣವೂ ಒಟ್ಟಿಗೆ ನೀರಿಗಿಳಿಯಬೇಕು. ಗಮ್ ಹೋಗಿ ಬಣ್ಣ ಮಾತ್ರ ನಾರಿನೊಳಗೆ ಕೂತರೆ ಅದೇ ಕಲೆ. ಮೂರು ಪದರದ ಬಹುವರ್ಣ ಪ್ರಿಂಟಿನಲ್ಲಿ ಮೂರರ ಕಲೆಯೂ ಸೇರಿ ಚಿತ್ರದ ಬೆಳಕೇ ಮಾಸುತ್ತದೆ.

ಗಮ್ ಮತ್ತು ಬಣ್ಣವನ್ನಷ್ಟೇ ಕಲಸಿ ಹಚ್ಚಿ, ಒಣಗಿಸಿ ತೊಳೆದು ನೋಡುವ ಹಳೆಯ ಪರೀಕ್ಷೆಯನ್ನು ನೆಚ್ಚಬೇಡಿ. ನಿಜವಾದ ಪ್ರಿಂಟಿಗೆ ಸಮ ಅಳತೆಯ ಡೈಕ್ರೋಮೇಟ್ ದ್ರಾವಣ ಬೆರೆಯುವುದರಿಂದ ಬಣ್ಣದ ಸಾಂದ್ರತೆ ಅರ್ಧಕ್ಕಿಳಿಯುತ್ತದೆ. ಅಲ್ಲಿ ಕಲೆ ಮಾಡಿದ ಬಣ್ಣ ಇಲ್ಲಿ ಸಲೀಸಾಗಿ ತೊಳೆದುಹೋಗಬಹುದು. ಹೆದರಿ ಬಣ್ಣ ಕಡಿಮೆ ಮಾಡಿದವರು ಆಮೇಲೆ ಪದರದ ಮೇಲೆ ಪದರ ಹಚ್ಚುತ್ತ ಕೂರಬೇಕಾಗುತ್ತದೆ.

ಮೊದಲು 10 ಮಿ.ಲೀ. ಗಮ್ ಅರೇಬಿಕ್ ದ್ರಾವಣಕ್ಕೆ 2 ಗ್ರಾಂ ಟ್ಯೂಬ್ ಜಲವರ್ಣ ಹಾಕಿ ಗಂಟಿಲ್ಲದಂತೆ ಅರೆಯಿರಿ. (ಅಂಟಿನುಂಡೆಗೆ ಹಾಕುವ ಅಂಟೆಲ್ಲ ಗಮ್ ಅರೇಬಿಕ್ ಅಲ್ಲ, ಕೆಲವು ಕರಗದೆ ಲೋಳೆಯಾಗಿ ಉಬ್ಬುತ್ತವೆ.) ಇದರಲ್ಲಿ ಸ್ವಲ್ಪ ಹಾಗೇ ಇಡಿ. ಇನ್ನೊಂದಷ್ಟಕ್ಕೆ ಸಮಪಾಲು ಬರೀ ಗಮ್, ಮತ್ತೊಂದಷ್ಟಕ್ಕೆ ಮೂರು ಪಾಲು ಬರೀ ಗಮ್ ಬೆರೆಸಿ. ಬಣ್ಣವೇ ಇಲ್ಲದ ಗಮ್ ನಾಲ್ಕನೆಯದು. ಪ್ರತಿಯೊಂದರ 1 ಮಿ.ಲೀ.ಗೆ ಶೇ 10ರ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣ 1 ಮಿ.ಲೀ. ಸೇರಿಸಿ. ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ, ಚರ್ಮಕ್ಕೂ ಕೆಟ್ಟದ್ದು. ಕೈಗವಸು ಬೇಕೇ ಬೇಕು, ಪುಡಿ ಉಸಿರಿಗೆ ಹೋಗಬಾರದು, ಉಳಿದದ್ದನ್ನು ಮೋರಿಗೆ ಸುರಿಯಬಾರದು.

ಮಂದ ಹಳದಿ ಬೆಳಕಿನಲ್ಲಿ, ನೀವು ಪ್ರಿಂಟಿಗೆ ಬಳಸುವ ಕಾಗದದ ಮೇಲೆಯೇ 5 ಸೆಂ.ಮೀ. ಚೌಕಗಳಾಗಿ ನಾಲ್ಕನ್ನೂ ತೆಳುವಾಗಿ ಹಚ್ಚಿ. ಅಂಚು ಖಾಲಿ ಇರಲಿ. ಕತ್ತಲಲ್ಲಿ ಒಣಗಿದ ಕೂಡಲೇ ಪ್ರತಿ ಚೌಕದ ಅರ್ಧವನ್ನು ಕಪ್ಪು ರಟ್ಟಿನಿಂದ ಮುಚ್ಚಿ, ಉಳಿದರ್ಧದ ಮೇಲೆ ಸ್ಟೆಪ್ ಟ್ಯಾಬ್ಲೆಟ್ (ತಿಳಿಯಿಂದ ದಟ್ಟದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಛಾಯೆಗಳಿರುವ ಫಿಲ್ಮ್ ಪಟ್ಟಿ) ಇಟ್ಟು ನಿಮ್ಮ ಮಾಮೂಲಿ ಅವಧಿಯಷ್ಟು ಬೆಳಕು ಕೊಡಿ. ತಡ ಮಾಡಿದರೆ ಕತ್ತಲಲ್ಲೇ ಗಮ್ ಗಟ್ಟಿಯಾಗತೊಡಗುತ್ತದೆ. ಕರಾವಳಿಯ ಸೆಕೆಗೆ, ಮಳೆಗಾಲದ ತೇವಕ್ಕೆ ಇನ್ನೂ ಬೇಗ.

ಕಾಗದವನ್ನು ಮುಖ ಕೆಳಗಾಗಿ ತಣ್ಣೀರಿನ ಟ್ರೇಯಲ್ಲಿ ತೇಲಿಬಿಡಿ. ಹಳದಿ ಬಿಡುವವರೆಗೆ ಎರಡು ಮೂರು ಸಲ ನೀರು ಬದಲಿಸಿ, ಬಳಿಕ ಅರ್ಧ ಗಂಟೆಯಿಂದ ಒಂದು ಗಂಟೆ ಸುಮ್ಮನೆ ಬಿಡಿ. ಉಜ್ಜಬೇಡಿ.

ತೀರ್ಪು ಒಣಗಿದ ಮೇಲೆಯೇ. ಬಿಳಿ ಕಾಗದಕ್ಕೆ ಪಂಚಿಂಗ್ ಮಷೀನಿನಲ್ಲಿ ಅಕ್ಕಪಕ್ಕ ಎರಡು ತೂತು ಹೊಡೆದು, ಒಂದರಲ್ಲಿ ಖಾಲಿ ಅಂಚು, ಇನ್ನೊಂದರಲ್ಲಿ ರಟ್ಟು ಮುಚ್ಚಿದ್ದ ಜಾಗ ಕಾಣುವಂತೆ ಇಟ್ಟರೆ ಬರಿಗಣ್ಣಿಗೆ ತಪ್ಪಿಹೋಗುವ ಛಾಯೆಯೂ ಗೊತ್ತಾಗುತ್ತದೆ.

ಛಾಯೆ ಕಂಡಿತೆಂದು ಬಣ್ಣವನ್ನು ಬೈಯುವ ಮೊದಲು ಒಂದು ಮೂಲೆಯನ್ನು ಮತ್ತೆ ನೆನೆಸಿ ಮೆತ್ತನೆಯ ಬ್ರಷ್‌ನಿಂದ ತೀಡಿ. ಪೊರೆಯಂತೆ ಎದ್ದು ಬಂದರೆ ಅದು ಕಲೆಯಲ್ಲ, ಗಟ್ಟಿಯಾದ ಗಮ್: ರಟ್ಟಿನಡಿ ಬೆಳಕು ನುಸುಳಿದೆ, ಇಲ್ಲವೇ ಹಚ್ಚಿದ ಕಾಗದ ಬಹಳ ಹೊತ್ತು ಕಾದಿದೆ. ಜಗ್ಗದೆ ನಾರಿನಲ್ಲೇ ಉಳಿದರೆ ಕಲೆ. ಬಣ್ಣವಿಲ್ಲದ ಚೌಕವೂ ಹಳದಿಗಂದಾಗಿದ್ದರೆ ಉಳಿದಿರುವುದು ಕ್ರೋಮಿಯಂ. ಗಾಳಿಯಾಡುವ ಕಡೆ ಶೇ 1ರ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್‌ನಲ್ಲಿ ಕೆಲವು ನಿಮಿಷ ಇಟ್ಟು ಚೆನ್ನಾಗಿ ತೊಳೆಯಿರಿ.

ದಟ್ಟ ಚೌಕದಲ್ಲಿ ಮಾತ್ರ ಕಲೆ ಇದ್ದರೆ ಬಣ್ಣ ಇಳಿಸಿ, ಅಷ್ಟೇ. ಅತಿ ತೆಳುವಾದ ಚೌಕದಲ್ಲೂ ಇದ್ದರೆ, ಅಥವಾ ಚುಕ್ಕೆ, ಗೆರೆಗಳಾಗಿ ಬಂದಿದ್ದರೆ ತಪ್ಪು ಹೆಚ್ಚಾಗಿ ಸೈಜಿಂಗಿನದು, ಅಂದರೆ ಬಣ್ಣ ನಾರಿಗಿಳಿಯದಂತೆ ಕಾಗದಕ್ಕೆ ಮೊದಲೇ ಕೊಡುವ ಲೇಪದ್ದು. ಶೇ 3ರ ಜೆಲಾಟಿನ್ ಹಚ್ಚಿ, ಗ್ಲಯಾಕ್ಸಲ್‌ನಿಂದ ಗಟ್ಟಿಗೊಳಿಸಿ, ನೀರಿನಲ್ಲಿ ಜಾಲಾಡಿಸಿ. ಜಾಲಾಡಿಸದಿದ್ದರೆ ಗ್ಲಯಾಕ್ಸಲ್ಲೇ ಕಾಗದವನ್ನು ಹಳದಿಗೊಳಿಸುತ್ತದೆ. ಆಮೇಲೆ ಅದೇ ನಾಲ್ಕು ಚೌಕ ಮತ್ತೊಮ್ಮೆ.

ಪ್ರತಿ ಚೂರಿನ ಹಿಂದೆ ಪೆನ್ಸಿಲ್‌ನಲ್ಲಿ ಕಾಗದ, ಸೈಜಿಂಗ್, ಗಮ್, ಬಣ್ಣದ ಕಂಪನಿ, ಪಿಗ್ಮೆಂಟ್ ಸಂಖ್ಯೆ ಬರೆದಿಡಿ. ಥಾಲೋ ನೀಲಿಯಾದರೆ ಪಿಬಿ 15 ಎಂದು ಟ್ಯೂಬಿನ ಮೇಲೇ ಇರುತ್ತದೆ. ಹೆಸರೊಂದೇ ಇದ್ದು ಒಳಗಿನ ಪಿಗ್ಮೆಂಟ್ ಬೇರೆಯಾದರೆ ಹಳೆಯ ಚೂರು ಲೆಕ್ಕಕ್ಕಿಲ್ಲ.