ಆಷಾಢದ ಇಪ್ಪತ್ತೈದು ದಿನ ಪೂರ್ಣಾವಧಿ ಸ್ಟ್ರೀಮರ್ ಆಗಿ ನೋಡಿದೆ

ದಾವಣಗೆರೆಯ ಮಂಡಿಪೇಟೆಯ ಸಗಟು ಜವಳಿ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುವವನು. ಬೆಳಿಗ್ಗೆ ಹತ್ತಕ್ಕೆ ಹೋಗಿ, ರಾತ್ರಿ ಎಂಟಕ್ಕೆ ನಿಟ್ಟುವಳ್ಳಿಯ ಮನೆಗೆ ಮರಳಿ, ಊಟ ಮುಗಿಸಿ, ಒಂಬತ್ತರಿಂದ ಹನ್ನೆರಡರವರೆಗೆ ಯೂಟ್ಯೂಬಿನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಫೋನಿನ ಆಟ ಆಡುತ್ತ ಕನ್ನಡದಲ್ಲಿ ಲೈವ್ ಮಾಡುತ್ತಿದ್ದೆ. 2021ರ ಆಗಸ್ಟಿನಲ್ಲಿ ಆರಂಭಿಸಿದ ಚಾನೆಲ್ಲಿಗೆ 2024ರ ಕೊನೆಯ ಹೊತ್ತಿಗೆ ಹದಿನೆಂಟು ಸಾವಿರ ಸಬ್‌ಸ್ಕ್ರೈಬರುಗಳಾದಾಗ, ಅಂಗಡಿ ಕೆಲಸ ಬಿಟ್ಟು ಇದನ್ನೇ ಜೀವನೋಪಾಯ ಮಾಡಿಕೊಳ್ಳಬಾರದೇಕೆ ಎಂಬ ಯೋಚನೆ ತಲೆಗೆ ಹೊಕ್ಕಿತು. ಅದನ್ನು ನಾನು ಹೇಗೆ ಅಳೆದು ನೋಡಿದೆ, ಕೊನೆಗೆ ಯಾವ ತೀರ್ಮಾನಕ್ಕೆ ಬಂದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ವಿಷಯವನ್ನು ಮನೆಯಲ್ಲಿ ಎತ್ತುವುದಕ್ಕೆ ಮೊದಲು ನಾನು ಬಹಳ ಹಿಂದೆಮುಂದೆ ನೋಡಿದೆ. ಅಪ್ಪ ಈ ಊರಿನ ಹತ್ತಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದವರು. ಗಿರಣಿ ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಕಿರಾಣಿ ಅಂಗಡಿ ಹಾಕಿದವರು. ಒಂದೇ ಬಾಗಿಲನ್ನು ನಂಬಿಕೊಂಡು ಕೂತವರ ಗತಿ ಏನಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನಗೂ ಅದರ ರುಚಿ ಒಮ್ಮೆ ಸಿಕ್ಕಿತ್ತು. 2020ರ ಸೆಪ್ಟೆಂಬರ್ 2ರಂದು ಬಿಜಿಎಂಐಯ ಹಿಂದಿನ ರೂಪವಾದ ಪಬ್‌ಜಿ ಮೊಬೈಲ್ ನಿಷೇಧವಾದಾಗ ನಾನು ಬರೀ ಆಟಗಾರ. ಆದರೆ 2022ರ ಜುಲೈ 28ರಂದು ಬಿಜಿಎಂಐ ಆ್ಯಪ್ ಸ್ಟೋರುಗಳಿಂದ ಮಾಯವಾದಾಗ ನನ್ನ ಚಾನೆಲ್ಲಿಗೆ ಆರು ಸಾವಿರ ಜನರಿದ್ದರು. ಫೋನಿನಲ್ಲಿ ಆಟ ಮೊದಲೇ ಇದ್ದವರು ಇನ್ನೂ ಕೆಲವು ಕಾಲ ಆಡಿಕೊಂಡಿದ್ದರೂ ಹೊಸಬರು ಬರುವುದು ನಿಂತುಹೋಯಿತು. ನಾನು ಬೇರೆ ಆಟಗಳನ್ನು ಆಡಿ ತೋರಿಸಿದೆ. ನೂರೈವತ್ತು ಜನ ನೋಡುತ್ತಿದ್ದ ಕಡೆ ಇಪ್ಪತ್ತು ಜನ ಉಳಿದರು. 2023ರ ಮೇ ತಿಂಗಳ ಕೊನೆಗೆ ಆಟ ಹಿಂದಿರುಗುವವರೆಗಿನ ಹತ್ತು ತಿಂಗಳನ್ನು ನಾನು ದಾಟಿದ್ದು ಅಂಗಡಿಯ ಸಂಬಳದಿಂದಲೇ. ಗಿರಣಿ ಮುಚ್ಚಿದ ದಿನ ಗೇಟಿಗೆ ನೋಟೀಸಾದರೂ ಅಂಟಿಸಿದ್ದರಂತೆ. ನಮಗೆ ಅದೂ ಇರಲಿಲ್ಲ.

ಆದ್ದರಿಂದ ಆರು ತಿಂಗಳು ಏನನ್ನೂ ನಿರ್ಧರಿಸದೆ ಲೆಕ್ಕ ಮಾತ್ರ ಬರೆಯುವುದೆಂದು ತೀರ್ಮಾನಿಸಿದೆ. ಅಂಗಡಿಯಲ್ಲಿ ಉಳಿದಿದ್ದ ಹಳೆಯ ಕೆಂಪು ರಟ್ಟಿನ ಖಾತೆ ಪುಸ್ತಕವೊಂದನ್ನು ತಂದು, 2024ರ ಡಿಸೆಂಬರ್ 1ರಿಂದ ಪ್ರತಿದಿನ ಎಷ್ಟು ತಾಸು ಲೈವ್ ಇದ್ದೆ, ಥಂಬ್‌ನೇಲ್ (ವಿಡಿಯೋದ ಮುಖಚಿತ್ರ) ಮತ್ತಿತರ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು, ಯಾವ ಗಳಿಗೆಯಲ್ಲಿ ಎಷ್ಟು ಜನ ಇದ್ದರು, ಯಾವ ಬಾಬ್ತಿನಿಂದ ಎಷ್ಟು ಬಂತು ಎಂಬುದನ್ನು ದಾಖಲಿಸತೊಡಗಿದೆ.

ಹಣದ ದಾರಿ ಗೊತ್ತಿಲ್ಲದವರಿಗೆ ಎರಡು ಮಾತು. ಲೈವ್ ಮತ್ತು ವಿಡಿಯೋಗಳ ಜಾಹೀರಾತಿನಿಂದ ಬರುವುದರಲ್ಲಿ ನೂರಕ್ಕೆ 55 ಪಾಲು ನಮಗೆ, ಶಾರ್ಟ್ಸ್ ಎಂಬ ಪುಟ್ಟ ವಿಡಿಯೋಗಳಲ್ಲಿ 45, ಸೂಪರ್ ಚಾಟ್ (ಲೈವಿನ ಚಾಟಿನಲ್ಲಿ ಹಣ ಕೊಟ್ಟು ಹಾಕುವ ಸಂದೇಶ) ಮತ್ತು ತಿಂಗಳ ಚಂದಾದ ಮೆಂಬರ್‌ಶಿಪ್ಪಿನಲ್ಲಿ 70. ಹಾಸ್ಟೆಲಿನ ಹುಡುಗನೊಬ್ಬ ಪ್ರೀತಿಯಿಂದ 40 ರೂಪಾಯಿ ಕಳುಹಿಸಿದರೆ 28ಕ್ಕಿಂತ ಹೆಚ್ಚು ನನ್ನ ಕೈಗೆ ಬರುವುದಿಲ್ಲ, ತೆರಿಗೆ ಕಳೆದು ಅದಕ್ಕಿಂತ ಕಡಿಮೆಯೇ ಬರುತ್ತದೆ. ಖಾತೆಯಲ್ಲಿ 100 ಡಾಲರ್ ಆಗುವವರೆಗೆ ಹಣ ಬಿಡುಗಡೆಯಾಗದು. ಆದ ಮೇಲೂ ಒಂದು ತಿಂಗಳ ಗಳಿಕೆ ಮುಂದಿನ ತಿಂಗಳ 21ರ ನಂತರವೇ ಹೊರಡುವುದು. ಅಮೆರಿಕದಲ್ಲಿರುವ ನೋಡುಗರಿಂದ ಬಂದ ಗಳಿಕೆಗೆ ಅಲ್ಲಿನ ತೆರಿಗೆಯೂ ಇದೆ: ತೆರಿಗೆ ನಮೂನೆ ತುಂಬಿ ಭಾರತದೊಂದಿಗಿನ ಒಪ್ಪಂದದ ಲಾಭ ಕೇಳಿದರೆ ಆ ಭಾಗದ ಮೇಲೆ ಶೇಕಡ 15 ಹಿಡಿಯುತ್ತಾರೆ, ನಮೂನೆಯನ್ನೇ ತುಂಬದಿದ್ದರೆ ಎಲ್ಲ ದೇಶಗಳಿಂದ ಬಂದ ಒಟ್ಟು ಗಳಿಕೆಯ ಮೇಲೆ ಶೇಕಡ 24ರವರೆಗೆ ಹಿಡಿಯಬಹುದು. ಲೆಕ್ಕದ ಕೆಲಸದಲ್ಲಿರುವ ನಾನೇ ಇದನ್ನು ಎರಡು ತಿಂಗಳು ತಡವಾಗಿ ತುಂಬಿದೆ. ವಿಳಾಸ ಖಚಿತಪಡಿಸುವ ಗೂಗಲ್‌ನ ಪಿನ್ ಅಂಚೆಯಲ್ಲಿ ಬರುತ್ತದೆ. ಅಂಚೆಯವರು ಆ ಲಕೋಟೆಯನ್ನು ಅಪ್ಪನ ಕೈಗೆ ಕೊಟ್ಟಿದ್ದರು, ಅಪ್ಪ ಅದನ್ನು ಉದ್ರಿ ಪುಸ್ತಕದೊಳಗೆ ಇಟ್ಟು ಮರೆತಿದ್ದರು, ಮೂರು ವಾರ ನಾನು ಅಂಚೆ ಕಚೇರಿಗೆ ಸುಮ್ಮನೆ ಅಲೆದೆ.

ಆರು ತಿಂಗಳ ಮೊತ್ತಗಳು ಹೀಗಿದ್ದವು: ಡಿಸೆಂಬರಿನಲ್ಲಿ 4,900, ಜನವರಿಯಲ್ಲಿ 7,200, ಫೆಬ್ರುವರಿಯಲ್ಲಿ 6,100, ಮಾರ್ಚಿನಲ್ಲಿ 5,400, ಏಪ್ರಿಲಿನಲ್ಲಿ 9,800, ಮೇ ತಿಂಗಳಲ್ಲಿ 21,300. ಮಾರ್ಚಿನಲ್ಲಿ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗಳು. ನನ್ನ ನೋಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗ ಪುಸ್ತಕ ಹಿಡಿದಿರುತ್ತಾರೆ, ಹಿಡಿಯದವರ ಫೋನನ್ನು ಮನೆಯವರು ಹಿಡಿದಿರುತ್ತಾರೆ. ಮೇ ತಿಂಗಳ ಅಂಕಿ ನೋಡಿ ನನಗೆ ತಲೆ ತಿರುಗಿದ್ದು ನಿಜ. ಅಂಗಡಿಯ ಸಂಬಳ 22,000. ಹೆಚ್ಚು ಕಡಿಮೆ ಅಷ್ಟೇ ಇಲ್ಲೂ ಬಂತಲ್ಲ ಎಂದು ರಾಜೀನಾಮೆಯ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಆದರೆ ಆ 21,300ರಲ್ಲಿ 10,000 ರೂಪಾಯಿ, ಹಣ ಕಟ್ಟಿ ಆಡುವ ಆ್ಯಪ್ ಒಂದರ ಹೆಸರನ್ನು ಮೂರು ರಾತ್ರಿ ಹೇಳಿದ್ದಕ್ಕೆ ಬಂದ ಹಣ. ಅದನ್ನು ಬೇರೆ ಕಾಲಮ್ಮಿಗೆ ಸರಿಸಿದಾಗ ಆರು ತಿಂಗಳ ಒಟ್ಟು 44,700, ತಿಂಗಳ ಸರಾಸರಿ 7,450.

ಖರ್ಚನ್ನೂ ಬರೆಯಬೇಕಲ್ಲ. ಫೈಬರ್ ಇಂಟರ್ನೆಟ್, ಕರೆಂಟು, ಯುಪಿಎಸ್ ಬ್ಯಾಟರಿ ಮತ್ತು ಫೋನಿನ ಸವಕಳಿ ಎಲ್ಲ ಸೇರಿ ತಿಂಗಳಿಗೆ 1,900 ಹಾಕಿದೆ. ಉಳಿದ 5,550ನ್ನು ಲೈವಿನ 78 ತಾಸು ಮತ್ತು ಹಿಂದುಮುಂದಿನ 30 ತಾಸುಗಳಿಂದ ಭಾಗಿಸಿದರೆ ತಾಸಿಗೆ 51 ರೂಪಾಯಿ. ಊಟದ ಹೊತ್ತು ಕಳೆದರೆ ಅಂಗಡಿಯಲ್ಲಿ ನನಗೆ ತಾಸಿಗೆ 94 ರೂಪಾಯಿ ಬೀಳುತ್ತಿತ್ತು. ಇಲ್ಲಿಗೆ ಪ್ರಶ್ನೆ ಮುಗಿಯಿತು ಎಂದು ಯಾರಾದರೂ ಹೇಳಬಹುದು, ನನಗೆ ಹಾಗೆನಿಸಲಿಲ್ಲ. ದಣಿದು ಬಂದು ಮೂರು ತಾಸು ಆಡುವುದಕ್ಕೇ ಇಷ್ಟು ಬರುವುದಾದರೆ, ಇಡೀ ದಿನ ಕೊಟ್ಟರೆ ಮೂರರಷ್ಟಾಗಬಹುದು ಎಂಬುದು ನನ್ನ ವಾದ. ವಾದವನ್ನು ಪರೀಕ್ಷಿಸದೆ ಬಿಡುವಂತಿರಲಿಲ್ಲ.

ಜವಳಿ ವ್ಯಾಪಾರಕ್ಕೆ ಆಷಾಢ ಸಪ್ಪೆ ಮಾಸ. ಮದುವೆಗಳಿಲ್ಲ, ಸಗಟು ಖರೀದಿಗೆ ಹಳ್ಳಿ ಕಡೆಯ ಅಂಗಡಿಯವರು ಬರುವುದು ಕಡಿಮೆ. ಹಾಗಾಗಿ 2025ರ ಜೂನ್ 26ರಿಂದ ಜುಲೈ 24ರವರೆಗೆ ಸಂಬಳವಿಲ್ಲದ ರಜೆ ಕೇಳಿದಾಗ ಸಾಹುಕಾರರು ಹೆಚ್ಚು ಪ್ರಶ್ನಿಸದೆ ಒಪ್ಪಿದರು. ವಾರಕ್ಕೊಂದು ದಿನ ಬಿಡುವು ಬಿಟ್ಟು ಇಪ್ಪತ್ತೈದು ದಿನ, ದಿನಕ್ಕೆ ಎಂಟು ತಾಸು ಲೈವ್: ಬೆಳಿಗ್ಗೆ ಹನ್ನೊಂದರಿಂದ ಎರಡು, ಸಂಜೆ ನಾಲ್ಕರಿಂದ ಆರು, ರಾತ್ರಿ ಒಂಬತ್ತರಿಂದ ಹನ್ನೆರಡು.

ಯಂತ್ರಗಳ ವಿಷಯದಲ್ಲಿ ನಾನು ಆಗಲೇ ಪಾಠ ಕಲಿತಿದ್ದೆ. ಆರಂಭದ ದಿನಗಳಲ್ಲಿ ಮೊಬೈಲಿನ ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲೇ ಲೈವ್ ಹೋಗುತ್ತಿದ್ದೆ. 720ಪಿ ಗುಣಮಟ್ಟಕ್ಕೆ ಸೆಕೆಂಡಿಗೆ 4 ಮೆಗಾಬಿಟ್ ಕಳುಹಿಸಿದರೆ ಆ ಪ್ಯಾಕು ಸರಿಯಾಗಿ ಐವತ್ತು ನಿಮಿಷಕ್ಕೆ ಮುಗಿಯುತ್ತದೆ, ಮೂರು ತಾಸಿಗೆ 5.4 ಜಿಬಿ ಬೇಕು. ಈಗ ಫೈಬರ್ ಇದೆ, ಫೋನಿನ ಪರದೆಯನ್ನು ಕ್ಯಾಪ್ಚರ್ ಕಾರ್ಡಿನ ಮೂಲಕ ಕಂಪ್ಯೂಟರಿಗೆ ತಂದು ಉಚಿತವಾಗಿ ಸಿಗುವ ಓಬಿಎಸ್ ತಂತ್ರಾಂಶದಿಂದ ಹೊರಗೆ ಕಳುಹಿಸುತ್ತೇನೆ. ವೇಗ ಹೆಚ್ಚಿದೆಯೆಂದು 1080ಪಿಗೆ ಏರಿಸುವ ಆಸೆಯನ್ನು ಬಿಟ್ಟಿದ್ದೇನೆ, ಏಕೆಂದರೆ ರಾತ್ರಿ ಹತ್ತರ ಸುಮಾರಿಗೆ ಅಪ್‌ಲೋಡ್ ವೇಗ ಕುಸಿಯುತ್ತದೆ. ಚಿತ್ರ ಸ್ವಲ್ಪ ಮಸುಕಾದರೆ ನೋಡುಗರು ಸಹಿಸುತ್ತಾರೆ, ಸಿಕ್ಕಿಕೊಂಡರೆ ಎದ್ದು ಹೋಗುತ್ತಾರೆ.

ಮೊದಲ ದಿನ ಬೆಳಿಗ್ಗೆ ಹನ್ನೊಂದಕ್ಕೆ ಲೈವ್ ಒತ್ತಿದಾಗ ಹದಿನಾಲ್ಕು ಜನ ಬಂದರು. ಅವರಲ್ಲಿ ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಸೆಕ್ಯೂರಿಟಿ ಕೆಲಸ ಮುಗಿಸಿ ಮಲಗುವ ಮುನ್ನ ನೋಡುತ್ತಿದ್ದ ಜಗಳೂರು ಕಡೆಯ ಒಬ್ಬರು, ಗಿರಾಕಿಯಿಲ್ಲದೆ ಕುಳಿತಿದ್ದ ಮೊಬೈಲ್ ರಿಪೇರಿಯ ಹುಡುಗ ಒಬ್ಬ. ಹದಿನಾಲ್ಕು ಜನರ ಮುಂದೆ ಮೂರು ತಾಸು ಎಡೆಬಿಡದೆ ಮಾತಾಡುವುದು ಇನ್ನೂರು ಜನರ ಮುಂದೆ ಮಾತಾಡುವುದಕ್ಕಿಂತ ಕಷ್ಟ, ಏಕೆಂದರೆ ಚಾಟ್ ನಿಂತಲ್ಲೇ ನಿಂತಿರುತ್ತದೆ, ಪ್ರಶ್ನೆಯನ್ನೂ ನಾನೇ ಹಾಕಿಕೊಂಡು ಉತ್ತರವನ್ನೂ ನಾನೇ ಕೊಡಬೇಕು. ಸಂಜೆ ನಾಲ್ಕಕ್ಕೆ ಮೂವತ್ತರ ಆಸುಪಾಸು. ರಾತ್ರಿ ಒಂಬತ್ತಕ್ಕೆ ಎಂದಿನ ಇನ್ನೂರು. ಎರಡನೆಯ ವಾರಕ್ಕೆ ಜನ ಅಭ್ಯಾಸವಾಗಿ ಬಂದಾರು ಎಂದು ಕಾದೆ. ಬೆಳಗಿನ ಸಂಖ್ಯೆ ಹದಿನಾಲ್ಕರಿಂದ ಇಪ್ಪತ್ತಕ್ಕೆ ಬಂದು ಅಲ್ಲೇ ನಿಂತಿತು.

ಒಂದು ಭಾನುವಾರ ಕಸ್ಟಮ್ ರೂಮ್, ಅಂದರೆ ನನ್ನ ನೋಡುಗರೇ ಸೇರಿ ಆಡುವ ಪಂದ್ಯ, ಇಟ್ಟಿದ್ದೆ. ನೂರು ಜನರಿಗೆ ಜಾಗವಿರುವ ರೂಮಿನಲ್ಲಿ ತೊಂಬತ್ತಾರು ಮಂದಿ ಸೇರಿದ್ದರು, ಏರಾಂಗೆಲ್ ನಕ್ಷೆಯಲ್ಲಿ ಆಟದ ಜಾಗ ಕುಗ್ಗುತ್ತ ಬಂದು ಉಳಿಯುವ ಕೊನೆಯ ವೃತ್ತಕ್ಕೆ ಐದು ಜನ ಉಳಿದಿದ್ದರು. ಆಷಾಢದ ಗಾಳಿ ಸಂಜೆಯಿಂದಲೇ ಎದ್ದಿತ್ತು. ಕರೆಂಟು ಹೋಯಿತು. ಕಂಪ್ಯೂಟರಿನ ಯುಪಿಎಸ್ ಕಿಂಯ್ ಎನ್ನತೊಡಗಿತು, ರೌಟರಿಗೆ ಇಟ್ಟಿದ್ದ ಪುಟ್ಟ ಯುಪಿಎಸ್ಸಿನ ಹಸಿರು ದೀಪ ಉರಿಯುತ್ತಲೇ ಇತ್ತು. ಯುಪಿಎಸ್ ಹನ್ನೊಂದು ನಿಮಿಷ ತಡೆದೀತು ಎಂದು ಅಳೆದಿಟ್ಟಿದ್ದ ನಾನು ಧೈರ್ಯದಿಂದ ಮುಂದುವರಿಸಿದೆ. ಬ್ಯಾಟರಿ ಹಳತಾಗಿತ್ತು, ನಾಲ್ಕನೆಯ ನಿಮಿಷಕ್ಕೆ ಎಲ್ಲವೂ ಕತ್ತಲು. ಫೋನಿನಲ್ಲಿ ಆಟ ನಡೆಯುತ್ತಿತ್ತು, ಗೆದ್ದವನು ಯಾರೆಂದು ನಾನೊಬ್ಬನೇ ನೋಡಿದೆ. ಮರುದಿನ ಆ ಹುಡುಗನಿಗೆ ಬಹುಮಾನದ 300 ರೂಪಾಯಿ ಕಳುಹಿಸಿದಾಗ, “ಅಣ್ಣಾ, ದುಡ್ಡು ಬ್ಯಾಡ, ನಾನು ಗೆದ್ದಿದ್ದು ಯಾರೂ ನೋಡ್ಲಿಲ್ಲಲ್ಲ” ಎಂದು ಬರೆದ. ಹೊಸ ಬ್ಯಾಟರಿಗೆ 2,600 ಕೊಟ್ಟೆ. ಖಾತೆಯಲ್ಲಿ ಅದು ಆ ತಿಂಗಳ ಅತಿ ದೊಡ್ಡ ಸಾಲು.

ಮೂರನೆಯ ವಾರದಲ್ಲಿ ಗಂಟಲು ಕೈಕೊಟ್ಟಿತು. ಹಗಲು ಐದು ತಾಸು ಮಾತಾಡಿದ ಧ್ವನಿಯಿಂದಲೇ ರಾತ್ರಿಯ ಇನ್ನೂರು ಜನರ ಮುಂದೆ ಕೂರುತ್ತಿದ್ದೆ. ಆ ಸಂಖ್ಯೆ ನೂರಾ ಐವತ್ತಕ್ಕೆ ಇಳಿಯಿತು. ಯಾಕಣ್ಣಾ ಸುಮ್ಮನಾಗಿದ್ದೀರಿ ಎಂದು ಚಾಟ್ ನೋಡಿಕೊಳ್ಳುವ ಮಾಡರೇಟರ್ ಹುಡುಗನೇ ಕೇಳಿದ. ಹದಿನಾಲ್ಕು ಜನರಿಗಾಗಿ ಇನ್ನೂರು ಜನರ ಆಟವನ್ನು ಸಪ್ಪೆ ಮಾಡುತ್ತಿದ್ದೆ ಎಂಬುದು ನನಗೆ ಹೊಳೆದದ್ದು ಆಗ. ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕರೆಯಲು ಬಂದವರು ಪರದೆಯ ಮೂಲೆಯ ಅಂಕಿಯನ್ನು ಬಾಗಿ ನೋಡಿ, “ಸಂತಿ ಭಾನುವಾರ ಅಂತಿಟ್ಕ, ಸೋಮವಾರನೂ ಗಂಟು ಬಿಚ್ಕಂಡು ಕುಂತ್ರೆ ಗಿರಾಕಿ ಬರ್ತಾರೇನೋ?” ಎಂದರು. ಬಿಜಿಎಂಐ ಎಂದರೇನೆಂದು ಅವರಿಗೆ ಇಂದಿಗೂ ಗೊತ್ತಿಲ್ಲ. ಗಿರಾಕಿ ಎಂದರೇನೆಂದು ನನಗಿಂತ ಚೆನ್ನಾಗಿ ಗೊತ್ತು. ನನ್ನ ನೋಡುಗರು ಕಾಲೇಜು, ಗ್ಯಾರೇಜು, ಅಂಗಡಿ ಮುಗಿಸಿ ಬರುವವರು. ನಾನು ಕೆಲಸ ಬಿಟ್ಟರೆ ನನ್ನ ಹಗಲು ತೆರವಾಗುತ್ತದೆಯೇ ಹೊರತು ಅವರ ಹಗಲಲ್ಲ. ಪೂರ್ಣಾವಧಿಯ ಬಗ್ಗೆ ಯೋಚಿಸುವಾಗ ನಾನು ಬಿಟ್ಟುಬಿಟ್ಟಿದ್ದ ಲೆಕ್ಕ ಇದೊಂದೇ.

ಆ ಇಪ್ಪತ್ತೈದು ದಿನಗಳ ಗಳಿಕೆ 9,300. ಇನ್ನೂರು ತಾಸಿಗೆ. ಕಾಲೇಜು ಶುರುವಾಗಿದ್ದ ಸಮಯ, ಮೇ ತಿಂಗಳಾಗಿದ್ದರೆ ಹಗಲಿನ ಸಂಖ್ಯೆ ಹೆಚ್ಚಿರುತ್ತಿತ್ತು ಎಂಬ ಸಮಾಧಾನವೂ ಇದೆ. ಆದರೆ ವರ್ಷಕ್ಕೆ ಮೇ ಒಂದೇ ಬರುತ್ತದೆ.

ಖಾತೆಯನ್ನು ಮತ್ತೆ ತಿರುವಿ ಹಾಕುವಾಗ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಹಿಂದಿನ ನವೆಂಬರಿನಲ್ಲಿ ಸೆನ್ಸಿಟಿವಿಟಿ (ಬೆರಳಿನ ಚಲನೆಗೆ ಆಟದ ನೋಟ ಎಷ್ಟು ಬೇಗ ತಿರುಗಬೇಕೆಂಬುದು) ಹೊಂದಿಸುವ ಬಗ್ಗೆ ಕನ್ನಡದಲ್ಲಿ ಮಾಡಿದ್ದ ಒಂಬತ್ತು ನಿಮಿಷದ ವಿಡಿಯೋ ಒಂದು, ಎಂಟು ತಿಂಗಳಾದರೂ ದಿನಕ್ಕೆ ಇಷ್ಟೆಂದು ದುಡಿಯುತ್ತಲೇ ಇತ್ತು. ಲೈವ್ ಮುಗಿದ ಮರುದಿನ ಅದನ್ನು ಕೇಳುವವರಿಲ್ಲ. ಎಡಿಟ್ ಮಾಡಿದ ವಿಡಿಯೋವನ್ನು ಯಾರಾದರೂ ಹುಡುಕಿಕೊಂಡು ಬರುತ್ತಾರೆ, ಹಗಲೋ ರಾತ್ರಿಯೋ ಅವರಿಗೆ ಬಿಟ್ಟದ್ದು. ನನಗೆ ಹಗಲು ಬೇಕಾಗಿದ್ದರೆ ಅದಕ್ಕೆ ಬೇಕು, ಲೈವಿಗಲ್ಲ.

ಆಗಸ್ಟಿನಲ್ಲಿ ನಾನು ಅಂಗಡಿಗೆ ಮರಳಿದ ಮೇಲೆ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು. 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಇ-ಸ್ಪೋರ್ಟ್ಸಿಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮುಗಳಿಗೆ, ಅದು ಮಾನ್ಯತೆ ಕೊಡುತ್ತದೆ, ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುತ್ತದೆ, ಅವುಗಳ ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ 50 ಲಕ್ಷದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮೇ ತಿಂಗಳ ಆ 10,000 ರೂಪಾಯಿಯ ಕಾಲಮ್ಮಿಗೆ ಕೆಂಪು ಗೆರೆ ಎಳೆದೆ. ಅದನ್ನು ನಂಬಿ ಜೂನಿನಲ್ಲೇ ರಾಜೀನಾಮೆ ಕೊಟ್ಟಿದ್ದರೆ ಎಂದು ಎಣಿಸಿದಾಗ ಈಗಲೂ ಹೊಟ್ಟೆಯಲ್ಲಿ ಒಂದು ಥರ ಆಗುತ್ತದೆ. ಆ ಆ್ಯಪಿನ ಹೆಸರನ್ನು ಪಿಯುಸಿ ಹುಡುಗರ ಮುಂದೆ ಹೇಳಿದೆನಲ್ಲ ಎಂಬುದು ಬೇರೆಯೇ ಸಂಕಟ.

ದೀಪಾವಳಿಯ ವ್ಯಾಪಾರ ಮುಗಿದ ಮೇಲೆ ಸಾಹುಕಾರರ ಬಳಿ ಕುಳಿತು, ಮಧ್ಯಾಹ್ನ ಮೂರಕ್ಕೆ ಹೊರಡುತ್ತೇನೆ, ಸಂಬಳ 12,500 ಸಾಕು ಎಂದು ಕೇಳಿದೆ. ಜಿಎಸ್‌ಟಿ ರಿಟರ್ನ್ಸಿನ ವಾರದಲ್ಲಿ ಪೂರ್ತಿ ದಿನ ಇರಬೇಕು ಎಂಬ ಕರಾರಿನ ಮೇಲೆ ಒಪ್ಪಿದರು. ನವೆಂಬರಿನಿಂದ ಸಂಜೆ ಎಡಿಟಿಂಗ್, ವಾರಕ್ಕೆ ನಾಲ್ಕೇ ರಾತ್ರಿ ಲೈವ್. ಎರಡು ತಿಂಗಳ ಚಾನೆಲ್ ಗಳಿಕೆ 11,200 ಮತ್ತು 10,400. ಖರ್ಚು ಕಳೆದರೆ ತಿಂಗಳಿಗೆ ಒಟ್ಟು 21,400ರ ಸುಮಾರು ಉಳಿಯುತ್ತದೆ. ಹಿಂದೆ ಎರಡೂ ಸೇರಿ 27,550 ಆಗುತ್ತಿತ್ತು. ಆರು ಸಾವಿರದಷ್ಟು ಕಡಿಮೆ. ಅದನ್ನು ನಾನು ನಷ್ಟ ಎಂದು ಬರೆದಿಲ್ಲ, ಬಂಡವಾಳ ಎಂದು ಬರೆದಿದ್ದೇನೆ. ಅಪ್ಪ ಈ ಎರಡು ಪದಗಳ ನಡುವಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ.

ಖಾತೆಯ ಕೊನೆಯ ಪುಟದಲ್ಲಿ ಮೂರು ಕರಾರುಗಳಿವೆ. ಪ್ರಾಯೋಜಕರ ಹಣ ಬಿಟ್ಟು ಸತತ ಆರು ತಿಂಗಳು 18,000 ಬರಬೇಕು, ಮನೆ ಖರ್ಚಿಗೆ 1,20,000 ಬ್ಯಾಂಕಿನಲ್ಲಿರಬೇಕು, ನೋಡುಗರಲ್ಲಿ ಮೂರನೆಯ ಒಂದು ಪಾಲಾದರೂ ಬಿಜಿಎಂಐ ಅಲ್ಲದ ವಿಡಿಯೋಗಳಿಗೆ ಬರುತ್ತಿರಬೇಕು. ಸದ್ಯಕ್ಕೆ ಬ್ಯಾಂಕಿನಲ್ಲಿ 46,000 ಇದೆ, ಉಳಿದೆರಡು ಇನ್ನೂ ದೂರ. ಪರೀಕ್ಷೆಯ ತಿಂಗಳನ್ನು ಹೊಸ ವ್ಯವಸ್ಥೆ ಹೇಗೆ ದಾಟುತ್ತದೆ ಎಂದು ನೋಡಬೇಕಾಗಿದೆ. ಮಾರ್ಚಿನ ಲೆಕ್ಕ ಏಪ್ರಿಲ್ ಕೊನೆಯ ವಾರಕ್ಕೆ ಕೈಗೆ ಬಂದ ಮೇಲೆ ಮತ್ತೆ ಕುಳಿತು ಮಾತಾಡೋಣ ಎಂದು ಸಾಹುಕಾರರಿಗೂ ಹೇಳಿದ್ದೇನೆ.